ಢಂ ಅಂದಿದ್ದೇ ತಡ

ಮೊನ್ನೆ ಭಾನುವಾರ ನಮ್ಮೂರು ಶಿವಮೊಗ್ಗದ ಆಹಾರ ಮೇಳದಲ್ಲಿ ನಡೆದ ಓಟ ನಿಮಗೆಲ್ಲ ಗೊತ್ತೇ ಇದೆ. ವಿಡಿಯೋ ನಿಮ್ಮ ಮೊಬೈಲಿಗೂ ಬಂದಿರುತ್ತೆ, ನೀವೂ ನಾಲ್ಕು ಗುಂಪಿಗೆ ದಾಟಿಸಿರುತ್ತೀರಿ. ಹಾಗಾಗಿ ಕಥೆ ಬೇಡ. ಕಾಂಪೌಂಡಿನ ಆಚೆ ರಸ್ತೆಯಲ್ಲಿ ಒಬ್ಬ ಹುಡುಗ ಬೈಕಿನ ಸೈಲೆನ್ಸರಿನಿಂದ ಢಂ ಅನ್ನಿಸಿದ. ಒಳಗೆ ಯಾರೋ ‘ಗುಂಡು ಹಾರಿಸ್ತಿದಾರೆ’ ಅಂದರು. ಅಷ್ಟೇ. ಅರ್ಧ ಮೇಳ ಗೇಟಿನ ಕಡೆ ಓಡಿತು. ಇನ್ನೊಂದಿಷ್ಟು ಜನ ಮೊಬೈಲ್ ಎತ್ತಿ ಹಿಡಿದು ಸದ್ದು ಬಂದ ಕಡೆಗೇ ಓಡಿದರು. ಗುಂಡು ಬಿದ್ದರೂ ಪರವಾಗಿಲ್ಲ, ವಿಡಿಯೋ ತಪ್ಪಬಾರದು. ಈ ಎರಡೂ ತಂಡಗಳು ಗೋಬಿ ಗಾಡಿಯ ಮುಂದೆ ಡಿಕ್ಕಿ ಹೊಡೆದುಕೊಂಡವು.

ಆ ಗೋಬಿ ಗಾಡಿಯವನ ಬಗ್ಗೆ ಎರಡು ಮಾತು ಹೇಳಲೇಬೇಕು. ವಿಡಿಯೋದ ಎಡಗಡೆ ಮೂಲೆಯಲ್ಲಿ ಅವನು ಕಾಣ್ತಾನೆ, ಇನ್ನೊಮ್ಮೆ ನೋಡಿ. ಜನ ನುಗ್ಗಿ ಬರುತ್ತಿದ್ದ ಹಾಗೆ ಅವನು ಮೊದಲು ಬಗ್ಗಿ ಸಿಲಿಂಡರಿನ ರೆಗ್ಯುಲೇಟರ್ ತಿರುಗಿಸಿದ. ಆಮೇಲೆ ಕಾದ ಎಣ್ಣೆಯ ಬಾಣಲೆ ಮೇಲೆ ದೊಡ್ಡ ತಟ್ಟೆ ಮುಚ್ಚಿದ. ಆಮೇಲೆ ಎರಡೂ ಕೈ ಚಾಚಿ ಬಾಣಲೆಗೆ ಬೆನ್ನು ಕೊಟ್ಟು ನಿಂತ. ಆ ಸಂಜೆ ಇಡೀ ಮೈದಾನದಲ್ಲಿ ಸುರಕ್ಷತಾ ಕ್ರಮ ಅಂತ ಏನಾದರೂ ನಡೆದಿದ್ದರೆ ಅದೊಂದೇ. ಅವನಿಗೆ ಯಾರೂ ಶಾಲು ಹೊದಿಸಲಿಲ್ಲ. ಸುಮಾರು ಪ್ಲೇಟುಗಳ ದುಡ್ಡು ಮಾತ್ರ ಹೋಯಿತು. ಪ್ರಾಣಭಯದಲ್ಲಿ ಓಡುವವರು ದುಡ್ಡು ಕೊಡೋದು ಮರೆತರು, ಒಪ್ಪೋಣ. ಪ್ಲೇಟು ಬಿಟ್ಟು ಓಡೋದನ್ನು ಹೇಗೆ ಮರೆತರೋ ಕಾಣೆ.

ಇನ್ನು ನಮ್ಮ ಲೋಕಲ್ ಚಾನೆಲ್ಲುಗಳು. ಜನ ಇನ್ನೂ ಗೇಟು ದಾಟಿರಲಿಲ್ಲ, ಅಷ್ಟರಲ್ಲೇ ಪರದೆ ತುಂಬ ಕೆಂಪು ಅಕ್ಷರ: ‘ಮೇಳದಲ್ಲಿ ಗುಂಡಿನ ಮೊರೆತ?’ ಕೊನೆಯಲ್ಲಿರುವ ಆ ಪ್ರಶ್ನೆ ಚಿಹ್ನೆ ನೋಡಿದಿರಾ? ಅದು ಸಾಮಾನ್ಯದ್ದಲ್ಲ. ಅದನ್ನು ಬಾಲಕ್ಕೆ ಸಿಕ್ಕಿಸಿದರೆ ಏನು ಬೇಕಾದರೂ ಬರೆಯಬಹುದು. ‘ಮೂವರು ಬಲಿ?’ ‘ಉಗ್ರರ ಕೈವಾಡ?’ ‘ತುಂಗೆಯಲ್ಲಿ ಮೊಸಳೆ ಮಳೆ?’ ಬೆಳಿಗ್ಗೆ ಸುಳ್ಳು ಅಂತಾದರೆ, ‘ನಾವು ಹೇಳಲಿಲ್ಲ, ಕೇಳಿದೆವು ಅಷ್ಟೇ’ ಅಂದರಾಯಿತು. ಕೇಳಿದ್ದು ಯಾರನ್ನ? ಮನೆಯಲ್ಲಿ ಅನ್ನ ಸಾರು ಉಣ್ಣುತ್ತಾ, ಮಗಳು ಮೇಳಕ್ಕೆ ಹೋಗಿದ್ದಾಳೆ ಅಂತ ಫೋನ್ ಮೇಲೆ ಫೋನ್ ಮಾಡುತ್ತಿದ್ದ ತಾಯಿಯನ್ನ.

ಆದರೆ ನನಗೆ ಜಾಸ್ತಿ ಬೇಜಾರಾಗಿದ್ದು ಬೇರೆ ವಿಷಯಕ್ಕೆ. ನಾವು ಮಲೆನಾಡಿನವರು ಮಾರಾಯ್ರೆ! ಈಡಿನ, ಅಂದರೆ ಕೋವಿಯ ಗುಂಡಿನ, ಸದ್ದಿಗೂ ಸೈಲೆನ್ಸರಿನ ಸದ್ದಿಗೂ ವ್ಯತ್ಯಾಸ ತಿಳಿಯೋದಿಲ್ಲ ಅಂದರೆ ಹೇಗೆ? ಹೊಸನಗರ, ತೀರ್ಥಹಳ್ಳಿ ಕಡೆ ಜಗಲಿ ಮೇಲೆ ಕೂತಲ್ಲೇ ಸದ್ದಿನ ಜಾತಕ ಬರೆಯುವ ಅಜ್ಜಂದಿರಿದ್ದರು. ಹಗಲಲ್ಲಿ ತೋಟದ ಅಂಚಿಂದ ಬಂದರೆ ಅದು ಮಂಗನಿಗೆ ಹಾಕಿದ ಗರ್ನಲ್ ಪಟಾಕಿ. ರಾತ್ರಿ ಗದ್ದೆ ಕಡೆಯಿಂದ ಒಂದೇ ಸಲ ಬಂದರೆ ಹಂದಿ ಹೆದರಿಸಲು ಹೊಡೆದ ಈಡು. ಎರಡು ಈಡು ಬೆನ್ನು ಬೆನ್ನಿಗೆ ಬಂದರೆ, ಹಂದಿ ಹೆದರಿಲ್ಲ, ಹೊಡೆದವನು ಹೆದರಿದ್ದಾನೆ. ಅಜ್ಜ ಇಷ್ಟು ಹೇಳಿ ಇನ್ನೊಂದು ಕವಳ ಹಾಕುತ್ತಿದ್ದ. ಈಗ ಆ ಅಜ್ಜನ ಮೊಮ್ಮಗ ಪಟಾಕಿ ಸಿಡಿದರೆ ಮೊದಲು ವಾಟ್ಸಾಪ್ ತೆಗೆದು ನೋಡ್ತಾನೆ, ತಾನು ಕೇಳಿದ್ದು ಏನು ಅಂತ.

ಕೋವಿಯ ಮಾತು ಬಂತಲ್ಲ, ಸ್ವಲ್ಪ ಅಡ್ಡದಾರಿ ಹಿಡಿಯುತ್ತೇನೆ. ಲೈಸೆನ್ಸ್ ಇರುವ ನಮ್ಮ ರೈತ ಚುನಾವಣೆ ಬಂತೆಂದರೆ ಕೋವಿಯನ್ನು ಠಾಣೆಗೆ ಒಪ್ಪಿಸಬೇಕು. ಲೋಕಸಭೆಗೆ ಒಮ್ಮೆ, ವಿಧಾನಸಭೆಗೆ ಒಮ್ಮೆ. ಐವತ್ತು ವರ್ಷದಿಂದ ಹಂದಿಯ ಕಡೆಗೆ ಬಿಟ್ಟರೆ ಇನ್ಯಾರ ಕಡೆಗೂ ತಿರುಗದ ಒಂಟಿ ನಳಿಗೆ ಕೋವಿ, ಪ್ರಜಾಪ್ರಭುತ್ವಕ್ಕೆ ಅಪಾಯ ಅಂತ ಠಾಣೆಯ ಮೂಲೆಯಲ್ಲಿ ಧೂಳು ಹಿಡಿಯುತ್ತೆ. ಹಂದಿ, ಮಂಗಗಳಿಗೆ ನೀತಿ ಸಂಹಿತೆ ಅನ್ವಯ ಆಗೋದಿಲ್ಲ. ಅವು ಮತದಾನದ ದಿನವೂ ರಜೆ ಹಾಕೋದಿಲ್ಲ. ಮಂಗಗಳಿಗೆ ಅಂತಲೇ ಒಂದು ಪಾರ್ಕ್ ಮಾಡ್ತೀವಿ ಅಂತ ಸರ್ಕಾರ ಹಿಂದೊಮ್ಮೆ ಹೇಳಿತ್ತು. ಮಂಗಗಳು ಕಾದವು, ಕಾದವು, ಕೊನೆಗೆ ನಮ್ಮ ಅಡಿಕೆ ತೋಟವನ್ನೇ ಪಾರ್ಕ್ ಅಂದುಕೊಂಡವು. ಕೋವಿ ಇಲ್ಲದವರು ಪಿವಿಸಿ ಪೈಪಿಗೆ ಕಾರ್ಬೈಡ್ ಹಾಕಿ ಢಂ ಅನ್ನಿಸುತ್ತಾರೆ. ಮೊದಲ ವಾರ ಮಂಗ ಓಡುತ್ತೆ. ಎರಡನೇ ವಾರ ತಲೆ ಎತ್ತಿ ನೋಡುತ್ತೆ. ಮೂರನೇ ವಾರ ಬಾಳೆಹಣ್ಣು ಸುಲಿಯುತ್ತಾ ಪೈಪ್ ಹಿಡಿದವನನ್ನೇ ಮರುಕದಿಂದ ನೋಡುತ್ತೆ. ಮಂಗನಿಂದ ಮಾನವ ಅಂತ ಪಾಠದಲ್ಲಿ ಓದಿದ್ದೆವು. ಎಲ್ಲೋ ದಾರಿ ಮಧ್ಯೆ ಈ ಒಂದು ಬುದ್ಧಿ ಬಿದ್ದುಹೋಗಿದೆ.

ಹಾಗಂತ ನಾಚಿಕೆ ಪಡಬೇಕಿಲ್ಲ. ದೊಡ್ಡ ದೇಶದವರು ನಮಗಿಂತ ಮುಂದಿದ್ದಾರೆ. 2016ರ ಆಗಸ್ಟ್ 14ರಂದು ರಿಯೋ ಒಲಿಂಪಿಕ್ಸಿನಲ್ಲಿ ಉಸೇನ್ ಬೋಲ್ಟ್ 100 ಮೀಟರನ್ನು 9.81 ಸೆಕೆಂಡಿನಲ್ಲಿ ಓಡಿ ಗೆದ್ದ. ಆ ರಾತ್ರಿಯೇ ನ್ಯೂಯಾರ್ಕಿನ ಕೆನಡಿ ವಿಮಾನ ನಿಲ್ದಾಣದಲ್ಲಿ ಗುಂಡಿನ ದಾಳಿ ಅಂತ ಸುದ್ದಿ ಹಬ್ಬಿ, ಪ್ರಯಾಣಿಕರು ಸೂಟ್‌ಕೇಸ್ ಬಿಟ್ಟು ರನ್‌ವೇ ಕಡೆಗೆಲ್ಲ ಓಡಿದರು. ಗುಂಡೂ ಇಲ್ಲ, ದಾಳಿಯೂ ಇಲ್ಲ. ಟೀವಿ ಮುಂದೆ ಬೋಲ್ಟನಿಗೆ ಹೊಡೆದ ಚಪ್ಪಾಳೆಯೇ ಕಾರಣ ಇರಬಹುದು ಅಂತ ಪತ್ರಿಕೆಗಳು ಬರೆದವು. ಅವನು ಓಡಿದ್ದಕ್ಕೆ ಪದಕವಾದರೂ ಸಿಕ್ಕಿತು. ಮರು ವರ್ಷ ನವೆಂಬರಿನಲ್ಲಿ ಲಂಡನ್ನಿನ ಆಕ್ಸ್‌ಫರ್ಡ್ ಸರ್ಕಸ್ ನಿಲ್ದಾಣದಲ್ಲಿ ಇಬ್ಬರು ರೈಲಿನ ಪ್ಲಾಟ್‌ಫಾರಂ ಮೇಲೆ ತಳ್ಳಾಡಿಕೊಂಡದ್ದು ಮೇಲಿನ ಬೀದಿಗೆ ಬರುವಷ್ಟರಲ್ಲಿ ಗುಂಡಿನ ದಾಳಿ ಆಗಿತ್ತು. ಹತ್ತಿರದ ದೊಡ್ಡ ಮಳಿಗೆಯೊಳಗಿದ್ದ ಗಾಯಕನೊಬ್ಬ, ಒಳಗೆ ಗುಂಡು ಹಾರುತ್ತಿದೆ, ಎಲ್ಲರೂ ಹೊರಗೆ ಹೋಗಿ ಅಂತ ತನ್ನ ಲಕ್ಷಾಂತರ ಅಭಿಮಾನಿಗಳಿಗೆ ಟ್ವೀಟ್ ಮಾಡಿದ. ನಮ್ಮೂರಿನ ವಾಟ್ಸಾಪ್ ಅಡ್ಮಿನ್ನುಗಳಿಗೆ ಇಷ್ಟು ದೊಡ್ಡ ಅವಕಾಶ ಎಲ್ಲಿ ಸಿಗುತ್ತೆ?

2019ರ ಆಗಸ್ಟ್ 6ರ ರಾತ್ರಿಯದಂತೂ ನಮ್ಮ ಮೇಳದ ಖಾಸಾ ಅಣ್ಣ. ನ್ಯೂಯಾರ್ಕಿನ ಟೈಮ್ಸ್ ಸ್ಕ್ವೇರಿನಲ್ಲಿ ಬೈಕುಗಳು ಢಂ ಅಂದವು, ಜನ ದಿಕ್ಕಾಪಾಲಾದರು. ನಾಟಕ ನಡೆಯುತ್ತಿದ್ದ ಥಿಯೇಟರಿನ ಬಾಗಿಲನ್ನು ಹೊರಗಿನವರು ಬಡಿದು, ಒಳಗಿನವರೂ ಹೆದರಿ, ನಾಟಕವೇ ನಿಂತಿತು. ಇವರನ್ನು ನೋಡಿ ನಗೋದು ಮಾತ್ರ ಕಷ್ಟ. ಆ ವಾರವಷ್ಟೇ ಅಮೆರಿಕದ ಎಲ್ ಪಾಸೋ ಮತ್ತು ಡೇಟನ್ ಊರುಗಳಲ್ಲಿ ಬಂದೂಕು ಹಿಡಿದವರು ಹತ್ತಾರು ಜನರನ್ನು ನಿಜವಾಗಿ ಕೊಂದಿದ್ದರು.

ನಮಗೂ ನಮ್ಮದೇ ಕಾರಣಗಳಿವೆ ಅನ್ನಿ. ಶಿವಮೊಗ್ಗದವರಿಗೆ ನಿಷೇಧಾಜ್ಞೆ ಹೊಸದಲ್ಲ. ಗಾಂಧಿ ಬಜಾರಿನಲ್ಲಿ ಯಾರಾದರೂ ಸ್ವಲ್ಪ ಜೋರಾಗಿ ಸೀನಿದರೆ ಮೊದಲ ಶಟರ್ ಇಳಿಯುತ್ತೆ, ಅದರ ಸದ್ದಿಗೆ ಎರಡನೆಯದು, ಅದರ ಸದ್ದಿಗೆ ಇಡೀ ಸಾಲು. ಐದು ನಿಮಿಷ ಕಳೆದ ಮೇಲೆ ಪಕ್ಕದ ಅಂಗಡಿಯವರನ್ನು ಕೇಳ್ತಾರೆ, ‘ಎಂಥಾಯ್ತಂತೆ?’ 2023ರ ನವೆಂಬರಿನಲ್ಲಿ ನಮ್ಮ ರೈಲು ನಿಲ್ದಾಣದ ಹತ್ತಿರ ಎರಡು ಪೆಟ್ಟಿಗೆ ಅನಾಥವಾಗಿ ಸಿಕ್ಕಿದ್ದು ನೆನಪಿದೆಯಾ? ಬೆಂಗಳೂರಿನಿಂದ ಬಾಂಬ್ ನಿಷ್ಕ್ರಿಯ ದಳ ಬಂತು, ರಾತ್ರಿಯೆಲ್ಲ ಊರು ಉಸಿರು ಬಿಗಿ ಹಿಡಿಯಿತು. ಒಳಗಿದ್ದದ್ದು ಉಪ್ಪು. ಪೊಲೀಸರು ಮಾಡಿದ್ದು ಸರಿಯೇ, ಅದರಲ್ಲಿ ನಗೋದೇನಿಲ್ಲ. ಉಪ್ಪಿಗೆ ಅಷ್ಟು ಮರ್ಯಾದೆ ದಂಡಿ ಯಾತ್ರೆ ಆದ ಮೇಲೆ ಸಿಕ್ಕಿರಲಿಲ್ಲ ಅಷ್ಟೇ.

ಮತ್ತೆ ನಿಜವಾದ ಸದ್ದು ಬಂದಾಗ ನಾವೇನು ಮಾಡಿದೆವು? 2021ರ ಜನವರಿ 21ರ ರಾತ್ರಿ ನಮ್ಮೂರ ಹತ್ತಿರದ ಹುಣಸೋಡಿನಲ್ಲಿ ಸ್ಫೋಟಕ ಸಿಡಿದಾಗ ಚಿಕ್ಕಮಗಳೂರಿನ ತನಕ ಕೇಳಿಸಿತು. ಕಿಟಕಿ ಗಾಜು ಒಡೆದವು. ಊರಿಗೆ ಊರೇ ಬೀದಿಗೆ ಬಂದು ‘ಭೂಕಂಪ’ ಅಂತು. ಕಲ್ಲು ಕ್ವಾರಿ, ಕ್ರಷರ್ ಹತ್ತಿರ ಜಿಲೆಟಿನ್ ಕಡ್ಡಿ ತುಂಬಿದ ವಾಹನ ಅದು. ಕೂಲಿಗೆ ಬಂದ ಬಡವರು ಗುರುತು ಸಿಗದ ಹಾಗೆ ಸತ್ತರು. ಅದಕ್ಕೂ ಮೊದಲು ಎಷ್ಟೋ ದಿನದಿಂದ ಅಲ್ಲಿ ಕಲ್ಲು ಸಿಡಿಯುತ್ತಿದ್ದ ಸದ್ದು ಎಲ್ಲರ ಕಿವಿಗೂ ಬೀಳುತ್ತಿತ್ತು. ಆಗ ಯಾರೂ ಓಡಲಿಲ್ಲ. ಆಗ ಯಾರೂ ಪ್ರಶ್ನೆ ಚಿಹ್ನೆ ಹಾಕಲಿಲ್ಲ.

ಮೇಳದ ಮರುದಿನ ಎಂದಿನಂತೆ ‘ವದಂತಿಗೆ ಕಿವಿಗೊಡಬೇಡಿ’ ಅನ್ನುವ ಪ್ರಕಟಣೆ ಬಂತು. ಬೈಕಿನ ಹುಡುಗನ ಮೇಲೆ ಕೇಸಾಯಿತು. ಆಗಲಿ. ಕಿವಿ ಹರಿಯುವ ಸೈಲೆನ್ಸರಿಗೆ ಕಾನೂನಿನಲ್ಲಿ 10,000 ರೂಪಾಯಿ ತನಕ ದಂಡ ಇದೆ. ಆಗಾಗ ಪೊಲೀಸರು ಹಿಡಿದ ಸೈಲೆನ್ಸರುಗಳನ್ನು ಸಾಲಾಗಿ ಮಲಗಿಸಿ ಮೇಲೆ ರೋಡ್ ರೋಲರ್ ಹತ್ತಿಸುತ್ತಾರೆ, ಫೋಟೋ ಚೆನ್ನಾಗಿ ಬರುತ್ತೆ. ಅದೇ ಸಂಜೆ ಬಿಡಿಭಾಗದ ಅಂಗಡಿಯಲ್ಲಿ ಅದೇ ಮಾಲು ಹೊಸದಾಗಿ ನೇತಾಡುತ್ತಿರುತ್ತೆ. ಅಂಗಡಿಯ ಮೇಲೆ ರೋಲರ್ ಹತ್ತಿದ್ದನ್ನು ಮಾತ್ರ ನಾನು ಕಂಡಿಲ್ಲ.

ಓಡಿದವರನ್ನು ಗೇಲಿ ಮಾಡೋದು ಸುಲಭ, ಇಷ್ಟು ಹೊತ್ತು ನಾನೂ ಅದನ್ನೇ ಮಾಡಿದೆ. ಆದರೆ ಓಡಿದವರು ಸದ್ದಿಗೆ ಬಿದ್ದಿದ್ದಲ್ಲ, ಗೇಟಿನಲ್ಲಿ ಬಿದ್ದಿದ್ದು. ಒಬ್ಬ ಅಜ್ಜಿಯ ಸೊಂಟ ಮುರಿದಿದೆ. ಅವರು ಗುಂಡಿಗೆ ಹೆದರಿ ಓಡಿದವರೂ ಅಲ್ಲ, ಬಾಗಿಲ ಪಕ್ಕ ಕುರ್ಚಿ ಹಾಕಿಕೊಂಡು ಮೊಮ್ಮಗನಿಗೆ ಐಸ್‌ಕ್ರೀಂ ತಿನ್ನಿಸುತ್ತಿದ್ದವರು. 2017ರಲ್ಲಿ ಇಟಲಿಯ ಟುರಿನ್ನಿನಲ್ಲಿ ಚೌಕದ ದೊಡ್ಡ ಪರದೆಯ ಮೇಲೆ ಫುಟ್‌ಬಾಲ್ ಫೈನಲ್ ನೋಡುತ್ತಿದ್ದವರು ಹೀಗೇ ಹೆದರಿ ನುಗ್ಗಾಡಿದಾಗ 1,500ಕ್ಕೂ ಹೆಚ್ಚು ಜನ ಗಾಯಗೊಂಡರು. ಬಹಳ ಜನಕ್ಕೆ ಗಾಯ ಮಾಡಿದ್ದು ನೆಲದ ತುಂಬ ಬಿದ್ದಿದ್ದ ಬಾಟಲಿ ಗಾಜು. ಹಿಮಾಚಲದ ನೈನಾದೇವಿಯಲ್ಲಿ 2008ರಲ್ಲಿ ಗುಡ್ಡ ಜರಿಯಿತು ಅನ್ನುವ ಒಂದು ಮಾತಿಗೆ 140ಕ್ಕೂ ಹೆಚ್ಚು ಜನ ಸತ್ತರು. ಗುಡ್ಡ ಜರಿದಿರಲಿಲ್ಲ. ಕಡಿದಾದ ಇಕ್ಕಟ್ಟು ದಾರಿಯಲ್ಲಿ ಸಾವಿರಾರು ಜನ ಸಿಕ್ಕಿಹಾಕಿಕೊಂಡಿದ್ದರು. ನಮ್ಮ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ 2025ರ ಜೂನ್ 4ರಂದು 11 ಜನ ಸತ್ತರಲ್ಲ, ಅಲ್ಲಿ ಯಾವ ಬೈಕ್ ಢಂ ಅಂದಿತ್ತು? ಕಪ್ ಗೆದ್ದ ಖುಷಿಗೆ ಹೋದ ಮಕ್ಕಳು ಅವು. ಪ್ರತಿ ಸಲ ಜನರಿಗೆ ಬುದ್ಧಿ ಇಲ್ಲ ಅಂತ ಬೈದು ಫೈಲ್ ಮುಚ್ಚುತ್ತಾರೆ. ಜನರಿಗೆ ಬುದ್ಧಿ ಇಲ್ಲ ಅಂತ ಗೊತ್ತಿದ್ದ ಮೇಲೆ ಬಾಗಿಲು ಇನ್ನೂ ಅಗಲ ಇರಬೇಕಿತ್ತಲ್ಲ!

ಗೋಬಿಗೆ ಬಣ್ಣ ಹಾಕಬಾರದು ಅಂತ ಸರ್ಕಾರ 2024ರಲ್ಲಿ ಆದೇಶ ಮಾಡಿತು, ಒಳ್ಳೆಯದೇ. ಗೋಬಿ ತಿಂದವನು ಹೊರಗೆ ಹೋಗುವ ದಾರಿಯನ್ನು ಮಾತ್ರ ಯಾರೂ ಬಂದು ನೋಡಿದ ಹಾಗಿಲ್ಲ. ಮೈದಾನಕ್ಕೆ ಎರಡು ಗೇಟಿವೆ. ಹಿಂದಿನದಕ್ಕೆ ಬೀಗ. ಸಮಿತಿಯವರೊಬ್ಬರು ಸಿಕ್ಕಿದರು, ಕೇಳಿದೆ.

‘ಹಿಂದಿನ ಗೇಟಿಗೆ ಬೀಗ ಯಾಕೆ ಹಾಕಿದ್ರಿ ಮಾರಾಯ್ರೆ?’

‘ತೆಗೆದಿಟ್ರೆ ಟಿಕೆಟ್ ಇಲ್ದೆ ನುಗ್ತಾರೆ ಸರ್.’

‘ಬೀಗದ ಕೈ ಎಲ್ಲಿತ್ತು?’

‘ಖಜಾಂಚಿ ಹತ್ರ.’

‘ಖಜಾಂಚಿ?’

‘ಊಟಕ್ಕೆ ಮನೆಗೆ ಹೋಗಿದ್ರು.’

ಐವತ್ತು ಮಳಿಗೆಯ ಆಹಾರ ಮೇಳ ಅದು. ಅದರ ಖಜಾಂಚಿ ಊಟಕ್ಕೆ ಮನೆಗೆ ಹೋಗಿದ್ದರು!

ಮುಂದಿನ ತಿಂಗಳು ಅದೇ ಮೈದಾನದಲ್ಲಿ ಇನ್ನೊಂದು ಮೇಳ ಇದೆಯಂತೆ. ಈ ಸಲ ಭದ್ರತೆ ಬಿಗಿ ಮಾಡ್ತೀವಿ, ಅದಕ್ಕೇ ಟಿಕೆಟ್ ಹತ್ತು ರೂಪಾಯಿ ಜಾಸ್ತಿ ಅಂದರು. ಹಿಂದಿನ ಗೇಟು ತೆಗೆದಿಡ್ತೀರಾ ಅಂದರೆ, ನೋಡೋಣ ಸರ್ ಅಂದರು. ಕೊಡೋಣ ಬಿಡಿ, ಹತ್ತು ರೂಪಾಯಿ ತಾನೆ. ಟಿಕೆಟ್ಟಿನ ಹಿಂದೆ ಖಜಾಂಚಿಗಳ ಮನೆ ವಿಳಾಸ, ಊಟದ ಸಮಯ ಎರಡೂ ಅಚ್ಚು ಹಾಕಿಸಲಿ. ಓಡುವವರಿಗೆ ಎಲ್ಲಿಗೆ ಓಡಬೇಕು ಅಂತಾದರೂ ಗೊತ್ತಾಗುತ್ತೆ.