ಪರ-ವಿರೋಧ: ಚೀನಾ ಸಾಲದ ರೈಲು, ಬಂದರು ಬಡ ದೇಶಗಳಿಗೆ ಒಳ್ಳೆಯದೇ?

ಪರ: ರೈಲು ಬಂತಲ್ವಾ

ನನಗೆ ಪರವಾಗಿ ಬರೆಯಲು ಹೇಳಿದ್ದಾರೆ. ಚೀನಾದ ಉದ್ದೇಶದ ಬಗ್ಗೆ ನನಗೂ ಅನುಮಾನವಿದೆ. ಆದರೂ ಒಂದು ಮಾತು ಹೇಳಲೇಬೇಕು. ಬೀದರ್–ಕಲಬುರಗಿ ರೈಲು ಮಾರ್ಗ 110 ಕಿ.ಮೀ. ಅದು ಮುಗಿಯುವಷ್ಟರಲ್ಲಿ 2017 ಬಂತು, ಸುಮಾರು 20 ವರ್ಷ ಕಾದೆವು. ಲಾವೋಸ್‌ನಲ್ಲಿ ನಾಲ್ಕು ಕಿ.ಮೀ. ಹಳಿಯೂ ಇರಲಿಲ್ಲ. ಚೀನಾ ಅಲ್ಲಿ ಗುಡ್ಡ ಕೊರೆದು, ಐದೇ ವರ್ಷದಲ್ಲಿ 414 ಕಿ.ಮೀ. ಹಳಿ ಹಾಕಿ, 2021ರ ಡಿಸೆಂಬರ್‌ನಲ್ಲಿ ರೈಲು ಓಡಿಸಿತು. ಕಾದು ಸುಸ್ತಾದ ಜನ ಬೇಡ ಅಂತಾರಾ?

ಶ್ರೀಲಂಕಾ ಸಾಲದಲ್ಲಿ ಮುಳುಗಿದ್ದು ಚೀನಾದಿಂದಲೇ ಅನ್ನುವುದೂ ಸರಿಯಲ್ಲ. ಅದರ ಹೊರಸಾಲದಲ್ಲಿ ಬಾಂಡ್ ಸಾಲದ, ಅಂದರೆ ವಿದೇಶಿ ಹೂಡಿಕೆದಾರರಿಗೆ ಸಾಲಪತ್ರ ಮಾರಿ ಎತ್ತಿದ ಹಣದ ಪಾಲು ಚೀನಾ ಸಾಲಕ್ಕಿಂತ ದೊಡ್ಡದಿತ್ತು.

ವಿರೋಧ: ರೊಕ್ಕ ಕೊಟ್ಟವರ ತಕ್ಕಡಿ

ಬಾಂಡ್ ಲೆಕ್ಕ ಹಿಡಿದು ಕೂರುವವರಿಗೆ ಸಾಲ ಅಂದರೆ ಬರೀ ಅಂಕಿ. ನಾನು ಕಲಬುರಗಿ ಗಂಜ್‌ನಲ್ಲಿ ತೊಗರಿ ಚೀಲದ ಮೇಲೆ ಕೂತು ಬೆಳೆದವನು.

ಬಾವಿ ತೋಡಿಸಲು ಅಪ್ಪ ಒಂದು ಅಡತ್ ಅಂಗಡಿಯಲ್ಲಿ ಸಾಲ ತಂದಿದ್ದರು. ಬಡ್ಡಿ ಅಂಥ ಜಾಸ್ತಿ ಇರಲಿಲ್ಲ. ಶರತ್ತು ಒಂದೇ, ತೊಗರಿ ಅದೇ ಅಂಗಡಿಗೆ ಹಾಕಬೇಕು. ಒಂದು ಜನವರಿಯಲ್ಲಿ ಪಕ್ಕದ ಅಂಗಡಿಯವರು ಚೀಲಕ್ಕೆ ಕೊಳವೆ ಚುಚ್ಚಿ, ಕಾಳು ಅಂಗೈಗೆ ಸುರಿದುಕೊಂಡು, ಕ್ವಿಂಟಲ್‌ಗೆ ಇನ್ನೂರು ರೂಪಾಯಿ ಜಾಸ್ತಿ ಕೊಡ್ತೀನಿ ಅಂದರು. ಅಪ್ಪ ಆ ಕಾಳನ್ನು ವಾಪಸ್ ಚೀಲಕ್ಕೆ ಹಾಕಿಸಿಕೊಂಡರು. “ಅವರ ರೊಕ್ಕ ತಿಂದೀವಿ. ಬ್ಯಾರೆ ಕಡಿ ಹೆಂಗ ಹಾಕೋದು?” ಅಂದರು. ಬಾವಿ ನಮ್ಮದೇ, ನೀರೂ ನಮ್ಮದೇ. ಮಾಲು ಯಾರಿಗೆ ಮಾರಬೇಕು ಅನ್ನುವುದು ಮಾತ್ರ ನಮ್ಮ ಕೈಯಲ್ಲಿರಲಿಲ್ಲ.

ಶ್ರೀಲಂಕಾದ ಹಂಬನ್‌ತೋಟ ಬಂದರಿನಲ್ಲಿ ನನಗೆ ಕಾಣುವುದು ಇದೇ. ಚೀನಾ ಸಾಲದಲ್ಲಿ ಕಟ್ಟಿದರು, ಸಾಕಷ್ಟು ಹಡಗು ಬರಲಿಲ್ಲ. 2017ರಲ್ಲಿ 112 ಕೋಟಿ ಡಾಲರ್‌ಗೆ ಚೀನಾ ಕಂಪನಿಗೇ ಗುತ್ತಿಗೆ ಕೊಟ್ಟರು. 2022ರ ಆಗಸ್ಟ್‌ನಲ್ಲಿ ಉಪಗ್ರಹ, ಕ್ಷಿಪಣಿಗಳ ಜಾಡು ಹಿಡಿಯುವ ಚೀನಾದ ಯುವಾನ್ ವಾಂಗ್ 5 ಹಡಗು ಅಲ್ಲಿಗೆ ಹೊರಟಾಗ ಭಾರತ ಆಕ್ಷೇಪಿಸಿತು. ಶ್ರೀಲಂಕಾ ಮೊದಲು ‘ಮುಂದೂಡಿ’ ಅಂದಿತು. ಆಮೇಲೆ ಒಪ್ಪಿತು. 16ರಂದು ಹಡಗು ಬಂದು ನಿಂತಿತು. ಬಡ್ಡಿ ಲೆಕ್ಕದಲ್ಲಿ ಇದನ್ನು ಎಲ್ಲಿ ಬರೆಯುತ್ತೀರಿ?

ಲಾವೋಸ್ ರೈಲು ಹೊಗಳುವವರು ಅಲ್ಲಿನ ಕರೆಂಟಿನ ಮಾತೇ ಎತ್ತುವುದಿಲ್ಲ. ರೈಲು ಓಡಿದ ಅದೇ ವರ್ಷ ಅಲ್ಲಿನ ಹೈಟೆನ್ಷನ್ ಲೈನ್‌ಗಳ ಉಸ್ತುವಾರಿ, ಚೀನಾದ ಪಾಲೇ ಹೆಚ್ಚಿರುವ ಕಂಪನಿಗೆ 25 ವರ್ಷಕ್ಕೆ ಹೋಯಿತು.

ಅಪ್ಪನ ಸಾಲ ಏಳು ಸುಗ್ಗಿಗೆ ತೀರಿತು. ಹಂಬನ್‌ತೋಟದ ಗುತ್ತಿಗೆ 99 ವರ್ಷದ್ದು.