ಪಾಯದ ಕೆಳಗಿನ ಮಣ್ಣನ್ನೂ ನೋಡಿ

ಮನೆ ಗೋಡೆ ಬಿರುಕಿನ ಬಗ್ಗೆ ನಿಮ್ಮ ಲೇಖನ ಓದಿದೆ. ಸಿಮೆಂಟ್, ಕ್ಯೂರಿಂಗ್ (ಕಟ್ಟಿದ ಮೇಲೆ ನೀರುಣಿಸುವುದು) ಸರಿ ಇಲ್ಲದಿರುವುದೇ ಕಾರಣ ಅಂತ ಬರೆದಿದ್ದೀರಿ. ಮಣ್ಣಿನ ಮಾತೇ ಇಲ್ಲವಲ್ಲ ಸರ್?

ನಮ್ಮದು ತೀರ್ಥಹಳ್ಳಿ ಕಡೆ. ಜಂಬಿಟ್ಟಿಗೆ ನೆಲ, ಎರಡೂವರೆ ಅಡಿ ಪಾಯ ತೆಗೆದರೂ ಮನೆ ಗಟ್ಟಿಯಾಗಿ ನಿಲ್ಲುತ್ತದೆ. ಅದೇ ಲೆಕ್ಕದಲ್ಲಿ ಅಕ್ಕ, ಭಾವ ಶಿವಮೊಗ್ಗದಿಂದ ಹೊನ್ನಾಳಿಗೆ ಹೋಗುವ ದಾರಿಯಲ್ಲಿ ಎರೆ ಮಣ್ಣಿನ ಸೈಟಿನಲ್ಲಿ ಕಟ್ಟಿದರು. ಎರಡನೇ ಬೇಸಿಗೆಗೇ ಕಿಟಕಿ ಮೂಲೆಯಿಂದ ಓರೆಯಾಗಿ ಬಿರುಕು ಬಂತು. ಬಾಗಿಲು ಹಾಕಲು ಆಗುತ್ತಿರಲಿಲ್ಲ. ಮರ ಉಬ್ಬಿದೆ ಅಂದುಕೊಂಡೆವು, ನೋಡಿದರೆ ಚೌಕಟ್ಟೇ ವಾಲಿತ್ತು. ಅಕ್ಕ ಅತ್ತಿದ್ದು ಇನ್ನೂ ಕಣ್ಣಮುಂದಿದೆ.

ಎರೆ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜ ಜಾಸ್ತಿ. ಅದರ ಪದರಗಳ ನಡುವೆ ನೀರು ಸೇರಿದರೆ ಮಣ್ಣು ಉಬ್ಬಿ ಪಾಯವನ್ನು ಮೇಲಕ್ಕೆ ತಳ್ಳುತ್ತದೆ, ಒಣಗಿದರೆ ಕುಗ್ಗುತ್ತದೆ. ಎಲ್ಲ ಕಡೆ ಒಂದೇ ಸಮ ಆಗುವುದಿಲ್ಲ, ಅದೇ ತೊಂದರೆ.

ಇದಕ್ಕೆ ಸುಲಭ ಪರೀಕ್ಷೆ ಇದೆ. ಜರಡಿ ಹಿಡಿದ ಒಣ ಮಣ್ಣನ್ನು 10 ಗ್ರಾಂನಂತೆ ಎರಡು ಅಳತೆ ಜಾಡಿಗೆ ಹಾಕಿ, ಒಂದಕ್ಕೆ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ 24 ಗಂಟೆ ಬಿಡುತ್ತಾರೆ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ನೀರಿನಲ್ಲಿ ಎಷ್ಟು ಜಾಸ್ತಿ ಏರಿತು ಅನ್ನುವುದೇ ಲೆಕ್ಕ. ಸೈಟು ಕೊಳ್ಳುವ ಮೊದಲೇ ಲ್ಯಾಬಿನಲ್ಲಿ ಮಾಡಿಸಿ, ದಯವಿಟ್ಟು.

ಇಂಥ ಕಡೆ ಅಂಡರ್ ರೀಮ್ಡ್ ಪೈಲ್, ಅಂದರೆ ನೆಲದಾಳಕ್ಕೆ ಇಳಿದು ಬುಡದಲ್ಲಿ ಗಡ್ಡೆಯಂತೆ ಅಗಲವಾಗುವ ಕಾಂಕ್ರೀಟ್ ಕಂಬ ಹಾಕುತ್ತಾರೆ. ಈಗಾಗಲೇ ಕಟ್ಟಿದವರು ಬಚ್ಚಲ ನೀರು, ಸೂರಿನ ನೀರು ಪಾಯದ ಬಳಿ ಇಂಗದಂತೆ ದೂರ ಸಾಗಿಸಿ. ಭಾವ ಮೊದಲು ಮಾಡಿಸಿದ್ದು ಅದನ್ನೇ.