ತಾಂಬೂಲ ಬದಲಾಯಿತು, ಮದುವೆ ಯಾವಾಗ?

ಮೈಸೂರಿನಲ್ಲಿ ಈಗ ಪೇಟಕ್ಕೆ ಬಲು ಗಿರಾಕಿ. ದಸರಾ ಇನ್ನೂ ದೂರ ಇದೆ, ಮದುವೆ ಲಗ್ನಗಳೂ ಮುಗಿದಿವೆ. ಇದು ಎಂಒಯು ಸೀಸನ್.

ಎಂಒಯು ಗೊತ್ತಲ್ವಾ? ಪೇಪರಿನವರು ಒಡಂಬಡಿಕೆ ಅಂತ ಬರೆಯುತ್ತಾರೆ. ನಮ್ಮ ಕಡೆಯ ಒಂದು ವಿಶ್ವವಿದ್ಯಾಲಯ, ಹೆಸರು ಬೇಡ ಬಿಡಿ, ಸಮುದ್ರದಾಚೆಯ ಇನ್ನೊಂದು ವಿಶ್ವವಿದ್ಯಾಲಯದ ಜೊತೆ ವಿಜ್ಞಾನ, ಸಂಶೋಧನೆ, ನಾವೀನ್ಯತೆ ಅಂತೆಲ್ಲ ಸೇರಿಸಿ ಒಂದು ಒಡಂಬಡಿಕೆಗೆ ಸಹಿ ಹಾಕಿತು. ನನ್ನನ್ನೂ ಕರೆದಿದ್ದರು. ಒಬ್ಬಟ್ಟಿನ ಊಟ ಅಂದರು, ಹೋದೆ.

ವೇದಿಕೆ ಮೇಲೆ ಹದಿನಾಲ್ಕು ಕುರ್ಚಿ. ನಡುವೆ ಆರಡಿ ಎತ್ತರದ ವಿದೇಶಿ ಪ್ರೊಫೆಸರು. ಮೊದಲು ಗಂಧದ ಹಾರ, ಆಮೇಲೆ ಶಾಲು, ಕೊನೆಗೆ ಪೇಟ. ತಲೆ ಸಣ್ಣದು, ಪೇಟ ದೊಡ್ಡದು. ಸಹಿ ಹಾಕಲು ಬಗ್ಗಿದರೆ ಸಾಕು, ಪೇಟ ಮೂಗಿನವರೆಗೆ ಇಳಿಯುತ್ತಿತ್ತು. ಪಾಪ, ಎರಡು ಸಲ ಪೆನ್ನು ಬಿಟ್ಟು ಪೇಟ ಹಿಡಿದರು. ಅಂತೂ ಸಹಿ ಬಿತ್ತು ಅನ್ನುವಷ್ಟರಲ್ಲಿ ಫೋಟೋದವನು ಓಡಿ ಬಂದ. 'ಸಾರ್, ಮುಖ ಬರ್ಲಿಲ್ಲ, ಇನ್ನೊಂದ್ಸಲ ಹಾಕಿ' ಅಂದ. ಪ್ರೊಫೆಸರು ಮುಚ್ಚಳ ಹಾಕಿದ ಪೆನ್ನಿನಲ್ಲೇ ಇನ್ನೊಮ್ಮೆ ಸಹಿ ಹಾಕಿದರು. ಮರುದಿನ ಪೇಪರಿನಲ್ಲಿ ಬಂದದ್ದು ಆ ಸಹಿ.

ಎಲ್ಲರೂ ಊಟಕ್ಕೆ ಎದ್ದಾಗ ಕಾಗದ ಮೇಜಿನ ಮೇಲೇ ಉಳಿದಿತ್ತು. ಕೆಲಸವಿಲ್ಲದವನು ನಾನು, ಓದಿದೆ. ನಾಲ್ಕು ಪುಟ. ಮೊದಲ ಪುಟದಲ್ಲಿ ನೀವು ದೊಡ್ಡವರು, ನಾವೂ ದೊಡ್ಡವರು. ಎರಡನೇ ಪುಟದಲ್ಲಿ ಜಂಟಿ ಸಂಶೋಧನೆ, ಅಧ್ಯಾಪಕರ ವಿನಿಮಯ, ವಿದ್ಯಾರ್ಥಿಗಳ ವಿನಿಮಯ. ಮೂರನೇ ಪುಟದಲ್ಲಿ ಒಂದು ಸಾಲು: ಇದರಿಂದ ಯಾವ ಕಡೆಯವರಿಗೂ ಹಣಕಾಸಿನ ಹೊಣೆ ಇರುವುದಿಲ್ಲ. ನಾಲ್ಕನೇ ಪುಟ ಸಹಿಗೆ. ನಮ್ಮ ಮಂಡ್ಯದ ಕಡೆ ತಾಂಬೂಲ ಬದಲಾಯಿಸುವ ಹೊತ್ತಿಗೆ ಛತ್ರದ ಅಡ್ವಾನ್ಸು ಯಾರದು, ಬಸ್ಸಿನ ಖರ್ಚು ಯಾರದು ಎಲ್ಲ ಇತ್ಯರ್ಥ ಆಗಿರುತ್ತದೆ. ಇಲ್ಲಿ ಖರ್ಚಿಲ್ಲ, ಮುಹೂರ್ತವಿಲ್ಲ, ತಾಂಬೂಲವೇ ಮದುವೆ.

ಸುಮ್ನೆ ಮಾಡ್ತಾರೆ ಅಂದುಕೊಳ್ಳಬೇಡಿ. ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆ ಮೌಲ್ಯಮಾಪನ ಮಾಡುವಾಗ ಎಷ್ಟು ಒಡಂಬಡಿಕೆ ಇದೆ ಎಂಬುದಕ್ಕೂ ಅಂಕ ಉಂಟು. ಅದೂ ಚಾಲ್ತಿಯಲ್ಲಿರಬೇಕು ಅಂತ ಷರತ್ತು. ಚಾಲ್ತಿಯಲ್ಲಿದೆ ಅಂತ ತೋರಿಸುವುದಕ್ಕೆ ವರ್ಷಕ್ಕೊಂದು ವೆಬಿನಾರ್. ಹೋದ ವರ್ಷ ನಾನೂ ಒಂದಕ್ಕೆ ಸೇರಿದ್ದೆ. ನೋಡುಗರು ಹತ್ತೊಂಬತ್ತು ಜನ. ಆಚೆ ಕಡೆಯವರು ಮೈಕ್ ಆನ್ ಮಾಡದೆ ಹನ್ನೊಂದು ನಿಮಿಷ ಮಾತಾಡಿದರು. ಯಾರೂ ಹೇಳಲಿಲ್ಲ. ಸ್ಕ್ರೀನ್‌ಶಾಟ್ ಮಾತ್ರ ಮೂವರು ತೆಗೆದುಕೊಂಡರು. ಫೋಟೋದಲ್ಲಿ ಧ್ವನಿ ಬೇಕಿಲ್ಲವಲ್ಲ.

ವಿನಿಮಯ ಆಗಿಯೇ ಇಲ್ಲ ಅಂದರೆ ನಾಲಿಗೆಗೆ ಹುಳ ಬೀಳುತ್ತದೆ. ಇಲ್ಲಿಂದ ಮೈಸೂರು ಪಾಕ್ ಹೋಗಿದೆ, ಅಲ್ಲಿಂದ ಚಾಕಲೇಟು ಬಂದಿದೆ. ಹೊತ್ತುಕೊಂಡು ಹೋಗಿ ಬಂದದ್ದು ಏಳು ಜನರ ನಿಯೋಗ. ಅದರಲ್ಲಿ ಪ್ರಯೋಗಾಲಯದ ಮುಖ ನೋಡಿದವರು ಒಬ್ಬರು ಅಂತ ಕೇಳಿದೆ. ಅವರೂ ಚಿಕ್ಕಂದಿನಲ್ಲಿ.

ಈ ಸಲದ ಅತಿಥಿ ಸ್ವಲ್ಪ ಎಡವಟ್ಟು ಮನುಷ್ಯ. ಒಬ್ಬಟ್ಟು ತಿಂದು ಕೈ ತೊಳೆದವರೇ 'ನಿಮ್ಮ ಲ್ಯಾಬ್ ನೋಡಬೇಕು' ಅಂದರು. ಗುಂಪು ತಣ್ಣಗಾಯಿತು. ಬೀಗದ ಕೈ ಅಟೆಂಡರ್ ಹತ್ತಿರ, ಅಟೆಂಡರ್ ಬಡಿಸೋಕೆ ನಿಂತಿದ್ದ. 'ನಾಳೆ ನೋಡೋಣ ಸಾರ್, ಸಂಜೆ ಅರಮನೆ ಲೈಟಿಂಗ್ ಇದೆ' ಅಂತ ಸಂಯೋಜಕರು ದಾರಿ ತಪ್ಪಿಸಿದರು. ಅರಮನೆಗೆ ದೀಪ ಹಾಕುವ ಭಾನುವಾರವಾದ್ದರಿಂದ ಬಚಾವ್.

ಮರುದಿನ ಕೆಆರ್‌ಎಸ್ ಅಂತ ಕಾರು ರೆಡಿ ಮಾಡಿದ್ದರೆ ಆ ಮನುಷ್ಯ ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರ್ಮ್‌ಗೆ ಹೋಗಬೇಕು ಅಂತ ಕೂತರು. ಅವರದು ಸಸ್ಯವಿಜ್ಞಾನ. ಒಂದು ಸೀಟು ಖಾಲಿ ಇತ್ತು, ನಾನೂ ಹತ್ತಿದೆ. ದಾರಿಯುದ್ದಕ್ಕೂ ಅವರೇ ನಮಗೆ ಪಾಠ ಮಾಡಿದರು. ಕೆನಡಾದ ಸಸ್ಯರೋಗ ತಜ್ಞ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದದ್ದು, ಫ್ರಾನ್ಸಿನ ದ್ರಾಕ್ಷಿ ತೋಟದ ಬೋರ್ಡೋ ಮದ್ದನ್ನು ಮಲೆನಾಡಿನ ಅಡಿಕೆ ಗೊನೆಗೆ ಹೊಡೆಸಿ ಕೊಳೆರೋಗ ತಡೆದದ್ದು, ಎಲ್ಲ. ಆ ಕಾಲದವರು ಕೋಲ್ಮನ್‌ರನ್ನು ಕೆಲಸಕ್ಕೆ ಕರೆಸಿದ್ದರು. ಸನ್ಮಾನಕ್ಕೆ ಕರೆಸಿದ್ದರೆ ಅಡಿಕೆ ಗತಿ ಏನಾಗುತ್ತಿತ್ತೋ.

ಆಮೇಲೆ ತಳಿ ವಿಜ್ಞಾನಿ ರಾಗಿ ಲಕ್ಷ್ಮಣಯ್ಯನವರ ವಿಷಯ ಬಂತು. ರಾಗಿ ಹೂವು ಕಣ್ಣಿಗೆ ಕಾಣೋದೇ ಕಷ್ಟ ಅನ್ನುವಷ್ಟು ಸಣ್ಣದು, ಎರಡು ತಳಿ ಕೂಡಿಸುವುದು ತಮಾಷೆಯಲ್ಲ. ಅಂಥದ್ದರಲ್ಲಿ ಲಕ್ಷ್ಮಣಯ್ಯ ಇದೇ ವಿ.ಸಿ. ಫಾರ್ಮಿನಲ್ಲಿ ಕೂತು ಆಫ್ರಿಕಾದ ದಪ್ಪ ತೆನೆ, ಗಟ್ಟಿ ಕಡ್ಡಿಯ ರಾಗಿಯನ್ನು ನಮ್ಮ ರಾಗಿಗೆ ಕೂಡಿಸಿದರು. ಇಂಡಿಯಾದ 'ಇಂಡ್', ಆಫ್ರಿಕಾದ 'ಆಫ್', ಸೇರಿ 'ಇಂಡಾಫ್'. ಇಳುವರಿ ಏರಿತು. ಈಗ ಹೆಚ್ಚು ಬೆಳೆಯುವ ಜಿಪಿಯು-28 ತಳಿಯ ಹೆತ್ತವರ ಸಾಲಿನಲ್ಲೂ ಇಂಡಾಫ್ ಇದೆ. ಎರಡು ಖಂಡ ಸೇರಿ ಮಾಡಿದ ಕೆಲಸವನ್ನು ನಾವು ದಿನಾ ಮಧ್ಯಾಹ್ನ ಬಸ್ಸಾರಿಗೆ ಅದ್ದಿ ನುಂಗುತ್ತಿದ್ದೇವೆ.

ಮಂಡ್ಯದ ಹೋಟೆಲಿನಲ್ಲಿ ಮುದ್ದೆ ಮುಂದಿಟ್ಟುಕೊಂಡು ಪ್ರೊಫೆಸರು ಕೇಳಿದರು: 'ಲಕ್ಷ್ಮಣಯ್ಯನವರು ಯಾವ ಎಂಒಯು ಕೆಳಗೆ ಇದನ್ನು ಮಾಡಿದ್ದು?' ತಮಾಷೆಗೆ ಕೇಳಿದ್ದು. ನಮ್ಮ ಸಂಯೋಜಕರು ಮಾತ್ರ ತುತ್ತು ಕೆಳಗಿಟ್ಟರು. ನನ್ನ ಕಿವಿಯಲ್ಲಿ ಪಿಸುಗುಟ್ಟಿದರು: 'ಆಫ್ರಿಕಾದಲ್ಲಿ ಯಾರಾದ್ರೂ ಗೊತ್ತಾ ಸಾರ್? ಹಳೇ ಡೇಟ್ ಹಾಕಿ ಒಂದು ಮಾಡಿಬಿಡಬಹುದು.'

ಸಂಜೆ ವಾಪಸ್ ಬಂದಾಗ ಲ್ಯಾಬಿನ ಬೀಗ ತೆಗೆಯಲೇಬೇಕಾಯಿತು. ಒಳಗೆ ಪಿಎಚ್‌ಡಿ ಮಾಡುವ ಹುಡುಗಿ ತಾನೇ ತಂದ ಐಸ್ ಬಾಕ್ಸಿನಲ್ಲಿ ಸ್ಯಾಂಪಲ್ ಇಟ್ಟುಕೊಂಡು ಕೂತಿದ್ದಳು. ಮೂಲೆಯಲ್ಲಿ ಮೈನಸ್ 20 ಡಿಗ್ರಿಯ ಫ್ರೀಜರ್ ಇತ್ತು, ಕೆಟ್ಟು ಎರಡು ವರ್ಷ. ರಿಪೇರಿಗೆ ಮೂರು ಕೊಟೇಶನ್ ಬೇಕಂತೆ, ಎರಡು ಬಂದಿವೆಯಂತೆ. ಪ್ರೊಫೆಸರು ಕುತೂಹಲಕ್ಕೆ ಅದರ ಬಾಗಿಲು ಎಳೆದರು. ಒಳಗೆ ಒಂದರ ಮೇಲೊಂದು ಜೋಡಿಸಿದ ನೀಲಿ ಫೈಲುಗಳು. ಮೇಲಿನದರಲ್ಲಿ ನಿನ್ನೆಯ ಸಹಿ ಇನ್ನೂ ಹೊಳೆಯುತ್ತಿತ್ತು.

ಅಟೆಂಡರ್ ಖುಷಿಯಿಂದ ವಿವರಿಸಿದ: 'ಬೀರು ತುಂಬೋಗದೆ ಸಾರ್. ಇದ್ರಲ್ಲಾದ್ರೆ ಇಲಿ ಕಾಟ ಇಲ್ಲ.'